ಬಿಳಿಗಿರಿಯ ಗಡ್ಡಪಾಚಿ

ಯಳಂದೂರು ಬಿಟ್ಟು, ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತುವವರ ಕಣ್ಣೆಲ್ಲ ಪೊದೆಗಳ ಸಂದಿಯಲ್ಲೇ ಇರುತ್ತದೆ. ಆನೆ ಕಂಡೀತೇ, ಕಾಟಿ ಕಂಡೀತೇ, ಪುಣ್ಯವಿದ್ದರೆ ಹುಲಿ ಕಂಡೀತೇ ಎಂದು. ಈ ವಾರ ನಾನು ಕೇಳಿಕೊಳ್ಳುವುದಿಷ್ಟೇ: ಒಮ್ಮೆ ಟೊಂಗೆಗಳನ್ನೇ ನೋಡುತ್ತ ಹತ್ತಿ. ಬುಡದ ಕುರುಚಲು ಕಾಡಿನಲ್ಲಿ ದಿಂಡಿಗ, ಮತ್ತಿಗಳ ತೊಗಟೆಗೆ ಅಂಟಿದ ಬೂದು, ಬಿಳಿ ಪಟ್ಟೆಗಳಷ್ಟೇ ಕಾಣುತ್ತವೆ. ಉಗುರಿನಿಂದ ಕೆರೆದರೂ ಏಳದಷ್ಟು ತೆಳು. ಮೇಲೇರುತ್ತ ಹೋದಂತೆ ಅವು ಅಂಚು ಬಿಟ್ಟು ಎದ್ದು ಎಲೆಯಾಕಾರ ತಾಳುತ್ತವೆ. ನೆತ್ತಿಯ ಕಡೆಗೆ, ಶೋಲಾ ಕಾಡು ಹುಲ್ಲುಗಾವಲಿಗೆ ಸೇರುವಲ್ಲಿ, ಟೊಂಗೆಯಿಂದ ಹಸಿರುಬೂದು ಗಡ್ಡ ಇಳಿಬಿದ್ದಿರುತ್ತದೆ. ಒಂದೇ ಬೆಟ್ಟಸಾಲು. ಸಮುದ್ರಮಟ್ಟದಿಂದ ಸುಮಾರು 600 ಮೀಟರಿನಲ್ಲಿ ಶುರುವಾಗಿ 1,800 ಮೀಟರಿನವರೆಗೆ ಏರುತ್ತದೆ. ಅದರೊಟ್ಟಿಗೆ ಮಳೆಯೂ ಏರುತ್ತದೆ. ಆ ಏರಿಕೆಯನ್ನು ಮಳೆಮಾಪಕವಿಲ್ಲದೆ ತಿಳಿಯಬೇಕಾದರೆ ಈ ಪಾಚಿಗಳನ್ನು ನೋಡಿದರೆ ಸಾಕು.

ಗಡ್ಡದಂತೆ ಇಳಿಬೀಳುವ ಈ ಜೀವಿಯನ್ನು ಶಾಸ್ತ್ರಜ್ಞರು ಉಸ್ನಿಯಾ ಎನ್ನುತ್ತಾರೆ. ಪಾಚಿಯೆಂದು ಕರೆದರೂ ಇದು ಲೈಕನ್, ಅಂದರೆ ಸಂಬಾರ ಅಂಗಡಿಯ ಕಲ್ಲುಹೂವಿನ ಬಳಗದ್ದು. ಗುರುತಿಸುವುದಕ್ಕೆ ನನಗೆ ತಿಳಿದಂತೆ ಇದರಷ್ಟು ಸುಲಭದ ಲೈಕನ್ ಮತ್ತೊಂದಿಲ್ಲ. ಊರೊಳಗೋ ತೋಟದಲ್ಲೋ ಗಾಳಿಗೆ ಬಿದ್ದ ಕಡ್ಡಿಯಲ್ಲಿ ಒಂದು ಎಳೆ ಸಿಕ್ಕರೆ ತುಸು ನೀರು ಹಚ್ಚಿ ನೆನೆಸಿ. ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಗಿನ ಹಸಿರು ಸಿಪ್ಪೆ ಬಿರಿದು ಉಂಗುರ ಉಂಗುರವಾಗುತ್ತದೆ, ಒಳಗಿನಿಂದ ಬಿಳಿಯ ನರವೊಂದು ಕಂಡು ರಬ್ಬರಿನಂತೆ ಹಿಗ್ಗುತ್ತದೆ. ಆ ನರವಿದ್ದರೆ ಉಸ್ನಿಯಾ. ಅದೇ ಮರದಲ್ಲಿ ತೂಗುವ ರಮಲಿನಾ ಚಪ್ಪಟೆ ಪಟ್ಟಿಯಂತಿರುತ್ತದೆ, ಒಳಗೆ ನರವಿರುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಕೈಯಲ್ಲಿದ್ದರೆ ಇನ್ನೂ ಚೆನ್ನ: ಎಳೆಗಳ ಮೈಮೇಲೆ ಹಿಟ್ಟು ಉದುರಿಸಿದಂಥ ಕಣಗಳು, ಅಡ್ಡಡ್ಡ ಬಿರುಕುಗಳು, ಕೆಲವು ಜಾತಿಗಳಲ್ಲಿ ಅಂಚಿನ ಸುತ್ತ ರೆಪ್ಪೆಕೂದಲು ಬಿಟ್ಟ ಪುಟ್ಟ ತಟ್ಟೆಗಳು. ಶಿಲೀಂಧ್ರದ ಬೀಜಕಣ ಹುಟ್ಟುವುದು ಆ ತಟ್ಟೆಗಳಲ್ಲಿ. ಹಿಟ್ಟಿನಂಥ ಕಣಗಳದು ಬೇರೆ ಕೆಲಸ. ಶಿಲೀಂಧ್ರದ ಎಳೆ, ಶೈವಲದ ಕೋಶ ಎರಡನ್ನೂ ಒಟ್ಟಿಗೆ ಹೊತ್ತು ಗಾಳಿಯಲ್ಲಿ ಹೋಗಿ ಇನ್ನೊಂದು ಟೊಂಗೆಯಲ್ಲಿ ಸಂಸಾರ ಹೂಡುತ್ತವೆ.

ಸಂಸಾರವೆಂದೇ ಹೇಳಬೇಕು, ಏಕೆಂದರೆ ಉಸ್ನಿಯಾ ಒಂದು ಜೀವಿಯಲ್ಲ. ಮೈ ಕಟ್ಟುವುದು, ನೀರು ಹಿಡಿಯುವುದು, ತೊಗಟೆಗೆ ಅಂಟಿಕೊಳ್ಳುವುದು ಶಿಲೀಂಧ್ರದ ಪಾಲು. ಬಿಸಿಲಿನಲ್ಲಿ ಅನ್ನ ಬೇಯಿಸುವುದು ಸಿಪ್ಪೆಯ ಕೆಳಗೆ ಕೂತ ಟ್ರೆಬೌಕ್ಸಿಯಾ ಎಂಬ ಹಸಿರು ಶೈವಲದ ಪಾಲು. 1867ರಲ್ಲಿ ಸ್ವಿಸ್ ಸಸ್ಯಶಾಸ್ತ್ರಜ್ಞ ಸೈಮನ್ ಶ್ವೆಂಡೆನರ್ ಈ ಮಾತು ಹೇಳಿದಾಗ ಆ ಕಾಲದ ಲೈಕನ್ ಪಂಡಿತರು ಒಪ್ಪಲೇ ಇಲ್ಲ. ಒಪ್ಪಿದ ಮೇಲೂ ಕತೆ ಮುಗಿಯಲಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಲೈಕನ್ನುಗಳ ಸಿಪ್ಪೆಯಲ್ಲಿ ಯೀಸ್ಟ್ ಜಾತಿಯ ಇನ್ನೊಂದು ಶಿಲೀಂಧ್ರವೂ ಇರುವುದನ್ನು ತೋರಿಸಿದರು. ನಮ್ಮ ದೇಶದಲ್ಲಿ ಈ ಓದಿಗೆ ತಳಪಾಯ ಹಾಕಿದವರು ಲಖನೌದ ಧರಣಿಧರ ಅವಸ್ಥಿ. ಅಲ್ಲಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ದೇಶದ ಮೂಲೆಮೂಲೆಯ ಲೈಕನ್ ಮಾದರಿಗಳಿವೆ. ಪಶ್ಚಿಮ ಘಟ್ಟದ್ದೇ ಆದ ಒಂದು ಜಾತಿಗೆ ಘಟ್ಟದ ಹೆಸರನ್ನೇ ಇಟ್ಟು ಉಸ್ನಿಯಾ ಘಟ್ಟೆನ್ಸಿಸ್ ಎಂದು ಕರೆದಿದ್ದಾರೆ.

ಉಸ್ನಿಯಾಕ್ಕೆ ಬೇರಿಲ್ಲ. ಬುಡದಲ್ಲಿ ತೊಗಟೆಯನ್ನು ಹಿಡಿಯುವ ಒಂದು ಬಿಲ್ಲೆಯಿದೆ, ಅಷ್ಟೆ. ನೀರು, ಲವಣ ಎಲ್ಲವೂ ಗಾಳಿಯಿಂದ, ಮಳೆಯಿಂದ, ಮಂಜಿನಿಂದಲೇ ಬರಬೇಕು. ಒಣಗಿದಾಗ ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿ. ಆಗ ಅದು ಸತ್ತಿಲ್ಲ, ಕೆಲಸ ನಿಲ್ಲಿಸಿರುತ್ತದೆ. ಹಸಿರು ಶೈವಲವಿರುವ ಲೈಕನ್ನುಗಳಿಗೆ ಹನಿ ನೀರೂ ಬೇಕಿಲ್ಲ, ಗಾಳಿಯಲ್ಲಿನ ತೇವವನ್ನೇ ಹೀರಿಕೊಂಡು ಮತ್ತೆ ಅನ್ನ ಬೇಯಿಸತೊಡಗುತ್ತವೆ. ಬಿಳಿಗಿರಿಯ ನೆತ್ತಿ ಗಡ್ಡಪಾಚಿಗೆ ಒಗ್ಗಿದ್ದು ಇದರಿಂದಲೇ. ನೈರುತ್ಯ ಮುಂಗಾರೂ ಈಶಾನ್ಯ ಹಿಂಗಾರೂ ಈ ಬೆಟ್ಟವನ್ನು ಮುಟ್ಟುತ್ತವೆ. ಮಳೆಯಿಲ್ಲದ ಮುಂಜಾನೆಗಳಲ್ಲೂ ಮಂಜು ಟೊಂಗೆಗಳ ನಡುವೆ ಹಾದುಹೋಗುತ್ತದೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ, ಬೆಳಗಿನ ಬಿಸಿಲು ಇನ್ನೂ ಏರದ ಹೊತ್ತಿನಲ್ಲಿ ನೋಡಿ. ಒಣಗಿದಾಗ ಬೂದುಬಣ್ಣಕ್ಕೆ ತಿರುಗಿದ್ದ ಗಡ್ಡ ಹಸಿರೇರಿ ಮೆತ್ತಗಾಗಿರುತ್ತದೆ. ನನ್ನ ಮಟ್ಟಿಗೆ ಈ ಬೆಟ್ಟದ ಅತಿ ಚೆಲುವಾದ ನೋಟ ಇದೇ. ಆದರೆ ತೇವದಷ್ಟೇ ಅಗತ್ಯ ಒಣಗುವುದು. ದಿನವಿಡೀ ತೊಯ್ದು ಕತ್ತಲಲ್ಲಿರುವ ಉಸ್ನಿಯಾ ಉಳಿಯುವುದಿಲ್ಲ. ತೇವ, ಬೆಳಕು, ಬೀಸುಗಾಳಿ ಮೂರೂ ಸೇರುವ ಜಾಗ ಕಾಡಿನ ಅಂಚು, ಒಂಟಿ ಮರ, ಮರದ ತುದಿಗೊಂಬೆ. ಅದನ್ನು ಅಲ್ಲೇ ಹುಡುಕಬೇಕು.

ಇನ್ನು ಈ ಪಾಚಿಯ ಮೇಲಿರುವ ದೊಡ್ಡ ಅಪವಾದದ ಮಾತು. "ಪಾಚಿ ಹತ್ತಿದೆ, ಇನ್ನು ಮರ ಹೋಯ್ತು" ಎಂದು ತೋಟದವರು ಕತ್ತಿ ತೆಗೆದುಕೊಂಡು ಕೆರೆಯಲು ನಿಲ್ಲುತ್ತಾರೆ. ಗಡ್ಡ ಮರವನ್ನು ತಿನ್ನುವುದಿಲ್ಲ. ಮರ ಬೇರೆ ಕಾರಣದಿಂದ ಸೊರಗಿ ಎಲೆ ಉದುರಿಸಿದಾಗ ಟೊಂಗೆಗೆ ಬೆಳಕು ಬೀಳುತ್ತದೆ, ಬೆಳಕು ಬಿದ್ದಲ್ಲಿ ಗಡ್ಡ ಹಬ್ಬುತ್ತದೆ, ಕಂಡವರು ಗಡ್ಡವನ್ನೇ ಕೊಲೆಗಾರನೆನ್ನುತ್ತಾರೆ. ನಿಜವಾಗಿ ಮರದ ರಸ ಹೀರುವುದು ಬಂದಳಿಕೆ. ಅದು ಟೊಂಗೆಯೊಳಕ್ಕೇ ಕೊರೆದು ಇಳಿಯುತ್ತದೆ. ಬಿಳಿಗಿರಿಯ ಗಿರಿಜನರಾದ ಸೋಲಿಗರಿಗೆ ಈ ಭೇದ ಚೆನ್ನಾಗಿ ಗೊತ್ತು. ನೆಲ್ಲಿಮರಗಳನ್ನು ಹಾಳುಮಾಡುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ತಾವು ಹಿಂದೆ ಹಚ್ಚುತ್ತಿದ್ದ ತರಗುಬೆಂಕಿ ನಿಂತಿತು, ಉಪ್ಪಿಲು ಹೆಚ್ಚಿತು ಎಂಬುದು ಅವರ ಅನುಭವ; ಸಂಶೋಧಕರು ಆ ತಿಳಿವಳಿಕೆಯನ್ನು ದಾಖಲಿಸಿ ಪ್ರಕಟಿಸಿಯೂ ಇದ್ದಾರೆ. ಬಂದಳಿಕೆಯಿರುವ ಟೊಂಗೆಯನ್ನು ಕಡಿಯಿರಿ, ಒಳ್ಳೆಯದು. ಅದೇ ಕತ್ತಿಯನ್ನು ಗಡ್ಡಪಾಚಿಯ ಮೇಲೆ ಆಡಿಸಬೇಡಿ.

ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳದ ಜೊತೆಗೆ ಪಾಚಿಯೂ ಸೋಲಿಗರ ಸಂಗ್ರಹದ ಸರಕಾಗಿತ್ತು, ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರಾಟವಾಗುತ್ತಿತ್ತು. ಬೇಡಿಕೆಯಿದ್ದದ್ದು ಮುಖ್ಯವಾಗಿ ಎಲೆಯಾಕಾರದ ಜಾತಿಗಳಿಗೆ, ಮಸಾಲೆಗೆ ಹೋಗುವ ಕಲ್ಲುಹೂವಿಗೆ. ಪೇಟೆಯ ಚೀಲಗಳಲ್ಲಿ ಉಸ್ನಿಯಾದ ಎಳೆಗಳೂ ಬೆರೆತಿರುವುದುಂಟು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಮಾರಾಟಕ್ಕೆಂದು ತೆಗೆಯುವುದಕ್ಕೆ ತಡೆ ಬಿತ್ತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ. ಕಿತ್ತ ಪಾಚಿ ಮತ್ತೆ ಬರುವುದಕ್ಕೆ ವರ್ಷಗಳು ಹಿಡಿಯುತ್ತವೆ. ತೊಗಟೆಯ ಸಮೇತ ಕೆರೆದರೆ ಬುಡದ ಬಿಲ್ಲೆಯೂ ಹೋಗುತ್ತದೆ; ಬಿಲ್ಲೆ ಉಳಿದರೆ ಮತ್ತೆ ಚಿಗುರಬಹುದು. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂದು ತೀರ್ಮಾನಿಸುವ ಅಧಿಕಾರ ಆ ಕಾಡಿನಲ್ಲೇ ಹುಟ್ಟಿ ಬೆಳೆದವರ ಗ್ರಾಮಸಭೆಗೆ ಇರಬೇಕು ಎಂಬುದು ನನ್ನ ನಿಲುವು. ಪ್ರವಾಸಿಯಾಗಿ ಹೋಗುವ ನನಗೂ ನಿಮಗೂ ಒಂದು ಎಳೆಯನ್ನು ಕೀಳುವ ಹಕ್ಕೂ ಇಲ್ಲ.

ಸಾಕುವ ಮಾತಿಗೆ ಬರೋಣ. ಬೆಟ್ಟದ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಸೋಲಿಗರ ಕಾಫಿಯಿದೆ, ಹಳೆಯ ಎಸ್ಟೇಟುಗಳೂ ಇವೆ. ನೆರಳಿನ ಮರಗಳಲ್ಲಿ ಗಡ್ಡವಿದ್ದರೆ ಅದಕ್ಕೆ ಗೊಬ್ಬರ ಬೇಡ, ನೀರು ಬೇಡ. ಬೇಡದ್ದನ್ನು ಮಾಡದಿರುವುದೇ ಆರೈಕೆ. ಮೊದಲನೆಯದಾಗಿ ಬೋರ್ಡೋ ದ್ರಾವಣ. ಅದರಲ್ಲಿರುವ ಮೈಲುತುತ್ತದ ಕೆಲಸವೇ ಶಿಲೀಂಧ್ರವನ್ನು ಕೊಲ್ಲುವುದು. ಕಾಫಿ ಗಿಡಕ್ಕೆ ಹೊಡೆಯುವಾಗ ನೆರಳಿನ ಮರದ ಟೊಂಗೆಗೆ ತಾಗದಂತೆ ಹೊಡೆಯಿರಿ, ಗಾಳಿ ಬೀಸುವ ಹೊತ್ತಿನಲ್ಲಿ ಬೇಡ. ಮರದ ಬುಡಕ್ಕೆ ಸುಣ್ಣ ಬಳಿಯುವ ಅಭ್ಯಾಸ ಮೇಲಿನ ಟೊಂಗೆಗಳವರೆಗೆ ಹೋಗದಿರಲಿ. ನೆರಳು ಕಡಿಮೆ ಮಾಡಲು ಕೊಂಬೆ ಸವರುವುದು ಅನಿವಾರ್ಯ. ಹಾಗಿರುವಾಗ ಎಲ್ಲ ಮರಗಳನ್ನೂ ಒಂದೇ ವರ್ಷ ಬೋಳಿಸದೆ ಸರದಿಯಲ್ಲಿ ಸವರಿದರೆ ಪಕ್ಕದ ಮರದಿಂದ ಕಣಗಳು ಹಾರಿಬಂದು ಕೂರುತ್ತವೆ. ಕಡಿದ ಕೊಂಬೆಯಲ್ಲಿ ಒಳ್ಳೆಯ ಗಡ್ಡವಿದ್ದರೆ ಆ ಕಡ್ಡಿಯನ್ನೇ ಬಾಳೆನಾರಿನಿಂದ ಪಕ್ಕದ ಮರಕ್ಕೆ ಕಟ್ಟಿ. ಅಷ್ಟೇ ಎತ್ತರ, ಅಷ್ಟೇ ಬೆಳಕು, ಅದೇ ದಿಕ್ಕಿಗೆ ಮುಖ. ಲೈಕನ್ ಅಧ್ಯಯನ ಮಾಡುವವರೂ ಹೀಗೆ ಸ್ಥಳ ಬದಲಿಸಿ ನೋಡುತ್ತಾರೆ. ಎಳೆಗಳು ಬೂದುಹಸಿರಾಗಿಯೇ ಉಳಿದರೆ ಹಿಡಿದಿದೆಯೆಂದು ತಿಳಿಯಿರಿ; ಬಿಳುಚಿ, ಕಂದಿ ಹೋದರೆ ಒಳಗಿನ ಶೈವಲ ಸತ್ತಿದೆ.

ಕೊಳ್ಳೇಗಾಲದ ಮನೆಯ ತಾರಸಿಗೆ ಒಂದು ಗೊಂಚಲು ತಂದು ತೂಗುಹಾಕುವ ಆಸೆಯನ್ನು ಬಿಟ್ಟುಬಿಡಿ. ಕೆಳಗಿನ ಬಿಸಿಗೆ, ದೂಳಿಗೆ, ಬೋರ್‌ವೆಲ್ಲಿನ ಗಡಸು ನೀರಿಗೆ ಅದು ಬದುಕುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಒಣಗಲಾರದೆ ಕೊಳೆಯುತ್ತದೆ. ಗಡ್ಡವೇ ಬೇಕೆನ್ನುವವರಿಗೆ ಬೆಂಗಳೂರು, ಮೈಸೂರಿನ ನರ್ಸರಿಗಳಲ್ಲಿ ಸ್ಪ್ಯಾನಿಶ್ ಮಾಸ್ ಸಿಗುತ್ತದೆ. ಹೆಸರಿಗೆ ಮಾಸ್, ಕುಲದಲ್ಲಿ ಅನಾನಸಿನ ಸಂಬಂಧಿ, ಅಮೆರಿಕ ಖಂಡಗಳ ಹೂಬಿಡುವ ಗಿಡ. ನೋಡಲು ಉಸ್ನಿಯಾದಂತಿರುವುದರಿಂದಲೇ ಅದರ ಶಾಸ್ತ್ರೀಯ ಹೆಸರು ಟಿಲ್ಯಾಂಡ್ಸಿಯಾ ಉಸ್ನಿಯಾಯ್ಡೀಸ್. ತಂತಿಗೆ ನೇತುಹಾಕಿ ದಿನವೂ ನೀರು ಚಿಮುಕಿಸಿದರೆ ಮನೆಯಲ್ಲೇ ಬೆಳೆಯುತ್ತದೆ.

ಔಷಧವೆಂದು ಕಷಾಯ ಮಾಡಿ ಕುಡಿಯುವವರಿಗೂ ಒಂದು ಮಾತು. ಉಸ್ನಿಯಾದ ಹಳದಿ ಛಾಯೆಗೆ ಕಾರಣವಾದ ಉಸ್ನಿಕ್ ಆಮ್ಲ 1844ರಿಂದಲೂ ರಸಾಯನಶಾಸ್ತ್ರಕ್ಕೆ ಗೊತ್ತು. ಕೆಲವು ಬ್ಯಾಕ್ಟೀರಿಯಾಗಳನ್ನು ಅದು ತಡೆಯುವುದೂ ನಿಜ. ಆದರೆ ಅದೇ ಆಮ್ಲದ ಲವಣವಿದ್ದ ತೂಕ ಇಳಿಸುವ ಮಾತ್ರೆ ತಿಂದವರ ಯಕೃತ್ತು ಕೆಟ್ಟದ್ದರಿಂದ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು. ಕುಡಿಯಬೇಡಿ.

ಬಿಳಿಗಿರಿಯಿಂದ ಪೂರ್ವಕ್ಕೆ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋದರೆ ಕಾಡು ಒಣಗುತ್ತ ಹೋಗುತ್ತದೆ. ಮಾದಪ್ಪನ ಬೆಟ್ಟ ಕಡಿಮೆ ಮಳೆಯ ಎಲೆಯುದುರುವ ಕಾಡು. ಅಲ್ಲಿ ತೊಗಟೆಗೆ ಅಂಟಿದ ಚಪ್ಪಟೆ ಜಾತಿಗಳದ್ದೇ ರಾಜ್ಯ, ಗಡ್ಡವನ್ನು ನಿರೀಕ್ಷಿಸಬಾರದು. ಎರಡು ಕಾಡುಗಳ ನಡುವೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಿದೆ. ಆ ಹೆಸರಿನ ದೊಡ್ಡಸಂಪಿಗೆ ಭಾರ್ಗವಿ ಹೊಳೆಯ ದಡದ ಹಳೆಯ ಮರ, ಸೋಲಿಗರ ದೇವರು. ದೇವರಾದ ಮರಕ್ಕೆ ಯಾರೂ ಕತ್ತಿ ಹಚ್ಚುವುದಿಲ್ಲ. ಲೈಕನ್ನುಗಳ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕಾನೂನಿಲ್ಲ, ಏಕೆಂದರೆ ನಿಧಾನವಾಗಿ ಬೆಳೆಯುವ ಇವಕ್ಕೆ ಕದಲದೆ ನಿಂತ ಹಳೆಯ ತೊಗಟೆಯೇ ಆಸ್ತಿ. ಯೂರೋಪಿನಲ್ಲಿ ಉಸ್ನಿಯಾ ಕುಲದ ಅತಿ ಉದ್ದದ ಜಾತಿ, ಮೀಟರುಗಟ್ಟಲೆ ಇಳಿಬೀಳುವ ಲಾಂಗಿಸಿಮಾ, ಹಳೆಯ ಕಾಡು ಕಡಿದದ್ದರಿಂದಲೂ ಕಲ್ಲಿದ್ದಲ ಹೊಗೆಯ ಗಂಧಕದಿಂದಲೂ ಎಷ್ಟೋ ಕಡೆ ಅಳಿದುಹೋಯಿತು. ಬೇರಿಲ್ಲದ ಜೀವಿ ಗಾಳಿಯಲ್ಲಿದ್ದದ್ದನ್ನೆಲ್ಲ ಸೋಸದೆ ಒಳಗೆಳೆದುಕೊಳ್ಳುತ್ತದೆ, ವಿಷವಾದರೂ ಸರಿ.

ಆದ್ದರಿಂದ ಬಿಳಿಗಿರಿಗೆ ವಾಹನ ಕಡಿಮೆಯಾಗಲಿ, ಸಾಧ್ಯವಾದರೆ ಬಸ್ಸಿನಲ್ಲೇ ಹೋಗಿ. ಕಾಡಿನ ರಸ್ತೆಯಲ್ಲಿ ಇಳಿಯುವಂತಿಲ್ಲ, ಇಳಿಯಬೇಡಿ. ಕಿಟಕಿಯಿಂದಲೇ ಟೊಂಗೆ ನೋಡಿ. ಮೇಲೆ ರಂಗನಾಥನ ದರ್ಶನ ಮುಗಿಸಿ ಊರೊಳಗಿನ ಮರಗಳ ಹತ್ತಿರ ಹೋಗಿ ಮಸೂರ ಹಿಡಿಯಿರಿ, ಜೊತೆಗಿರುವ ಮಕ್ಕಳ ಕೈಗೂ ಕೊಡಿ. ತೋಟವಿರುವ ಓದುಗರು ಈ ವರ್ಷ ನೆರಳು ಸವರುವ ಮುನ್ನ ಆಳುಗಳಿಗೆ ಗಡ್ಡವಿರುವ ಕೊಂಬೆಗಳನ್ನು ತೋರಿಸಿ, ಅವನ್ನು ಬಿಡಲು ಹೇಳಿ.