ಯೋಚಿಸೋಕೆ ಟೈಮ್ ಎಲ್ಲಿದೆ?

ಕ್ಯಾಥರಿನ್ ಬಿಗೆಲೋ ಅವರ ‘ಎ ಹೌಸ್ ಆಫ್ ಡೈನಮೈಟ್’ (2025) ನೋಡಿದೆ. ಯಾರು ಹಾರಿಸಿದರೋ ಗೊತ್ತಿಲ್ಲದ ಒಂದು ಕ್ಷಿಪಣಿ ಶಿಕಾಗೋ ಕಡೆ ಬರ್ತಿದೆ. ತಡೆಯೋ ಪ್ರಯತ್ನ ಕೈಕೊಡುತ್ತೆ. ಅದೇ ಕೆಲವು ನಿಮಿಷಗಳನ್ನು ಸಿನಿಮಾ ಮೂರು ಸಲ ತೋರಿಸುತ್ತೆ. ಮೊದಲ ಸಲ ಉಸಿರು ಬಿಗಿಹಿಡಿದು ಕೂತಿದ್ದೆ. ಮೂರನೇ ಸಲ, ಅಧ್ಯಕ್ಷರ ಸರದಿ ಬರೋ ಹೊತ್ತಿಗೆ, ಹಿಡಿತ ಸಡಿಲ. ಅದು ಕೊರತೆಯೇ.

ಆದರೂ ಒಂದು ವಿಷಯ ನಾಟುತ್ತೆ. ಇಲ್ಲಿ ಯಾರೂ ದಡ್ಡರಲ್ಲ, ಎಲ್ಲರೂ ತರಬೇತಿ ಪಡೆದವರೇ. ಶತ್ರು ಯಾರೆಂದು ತಿಳಿಯೋ ಮೊದಲೇ ಪ್ರತಿದಾಳಿ ಮಾಡಬೇಕೇ ಅಂತ ನಿರ್ಧರಿಸಬೇಕು, ಅಷ್ಟೇ! 1983ರಲ್ಲಿ ಸೋವಿಯತ್ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್, ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದ ಕಂಪ್ಯೂಟರನ್ನು ನಂಬಲಿಲ್ಲ. ಉಪಗ್ರಹ ಕಂಡಿದ್ದು ಮೋಡದ ಮೇಲಿನ ಬಿಸಿಲು. ಅವತ್ತು ಜಗತ್ತನ್ನು ಕಾಪಾಡಿದ್ದು ಅವರ ಅನುಮಾನ. ಅನುಮಾನಕ್ಕೂ ಪುರುಸೊತ್ತಿಲ್ಲದ ಸನ್ನದ್ಧತೆಯನ್ನು ರಕ್ಷಣೆ ಅಂತ ಕರೆಯೋದು ಹೇಗೆ?