ಅರ್ಥಶಾಸ್ತ್ರದಲ್ಲಿ ಭೃತಕನ್ಯಾಯ

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದಂದಿನಿಂದ, ಕಾರ್ಮಿಕರ ಹಕ್ಕುಗಳೆಲ್ಲವೂ ನಮ್ಮ ಪೂರ್ವಿಕರಲ್ಲಿಯೇ ಇದ್ದುವೆಂದು ಹೊಗಳುವವರುಂಟು. ಗ್ರಂಥದ ಮೂರನೆಯ ಅಧಿಕರಣವನ್ನು ಓದಿ ಈ ಮಾತನ್ನು ತೂಗತಕ್ಕದ್ದು.

ಕೂಲಿಯನ್ನು ಮೊದಲೇ ಗೊತ್ತುಮಾಡದಿದ್ದಲ್ಲಿ ಉಳುವವನಿಗೆ ಬೆಳೆಯಲ್ಲಿಯೂ ಗೋಪಾಲಕನಿಗೆ ತುಪ್ಪದಲ್ಲಿಯೂ ಹತ್ತನೆಯ ಒಂದು ಪಾಲು ಸಲ್ಲುವುದು. ರೋಗ, ವಿಪತ್ತು, ಅಶಕ್ತಿಗಳೊದಗಿದರೆ ಭೃತಕನು ಒಪ್ಪಂದದಿಂದ ಬಿಡುಗಡೆ ಹೊಂದಬಹುದು. ಇವು ಶ್ಲಾಘ್ಯವೇ ಸರಿ. ಆದರೆ ವೇತನವನ್ನು ಕೊಡದ ಒಡೆಯನಿಗೆ ಹಣದ ದಂಡ ಮಾತ್ರ. ವೇತನ ಪಡೆದು ಕೆಲಸಮಾಡದ ಭೃತಕನಿಗಾದರೋ 12 ಪಣ ದಂಡ, ಅದರ ಮೇಲೆ ಕೆಲಸವಾಗುವವರೆಗೆ ಸೆರೆ. ಒಡೆಯನ ತಪ್ಪಿಗೆ ಧನವು ಸಾಕು, ಆಳಿನ ತಪ್ಪಿಗೆ ದೇಹವೂ ಬೇಕು!

ಕಾರ್ಮಿಕ ಶಾಸನಗಳನ್ನು ಅಭ್ಯಾಸಮಾಡುವ ತರುಣರು ಆಚಾರ್ಯನ ಸೂಕ್ಷ್ಮದೃಷ್ಟಿಯನ್ನು ಮೆಚ್ಚುವಾಗ ಈ ವೈಷಮ್ಯವನ್ನೂ ಮರೆಯದೆ ಎಣಿಸಬೇಕು.