ಚಳಿಗೆ ಒಪ್ಪುವ ಗಂಧ

ಸಂಕ್ರಾಂತಿ ಕಳೆದು ಮದುವೆಗಳು ಶುರುವಾದರೂ ಮಗ್ಗೆ ಊರಿನ ಕಡೆ ಸಂಜೆಯ ಚಳಿ ಇನ್ನೂ ಬಿಟ್ಟಿರುವುದಿಲ್ಲ. ರೇಷ್ಮೆ ಸೀರೆಯುಟ್ಟು ಆರತಕ್ಷತೆಗೆ ಹೊರಟ ಹೆಣ್ಣಿಗೆ ಆ ಹೊತ್ತಿನಲ್ಲಿ ಒಪ್ಪುವ ಸೆಂಟು ಯಾವುದೆಂದು ಕೇಳಿದರೆ, ಗೆರ್ಲಾನ್ ಕಂಪನಿಯ ‘ಸಂಸಾರ’ ಎನ್ನುತ್ತೇನೆ.

1989ರಲ್ಲಿ ಬಂದ ಈ ಸುಗಂಧವನ್ನು ರೂಪಿಸಿದವರು ಫ್ರಾನ್ಸಿನ ಜಾನ್-ಪಾಲ್ ಗೆರ್ಲಾನ್. ಅದರ ಜೀವಾಳ ಮಲ್ಲಿಗೆ ಮತ್ತು ಶ್ರೀಗಂಧ. ಮೂಲ ಸೂತ್ರಕ್ಕೆ ಒದಗಿದ್ದು ನಮ್ಮ ಮೈಸೂರಿನ ಗಂಧದೆಣ್ಣೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರದ ಸಾಗಣೆ ಕುಸಿದಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಎಣ್ಣೆ ಬಟ್ಟಿ ಇಳಿಸಲು ಆರಂಭಿಸಿತು. ಆ ಎಣ್ಣೆ ಜಗತ್ತಿನ ಸುಗಂಧಕಾರರಿಗೆ ಅಳತೆಗೋಲಾಯಿತು.

ಚಳಿಯಲ್ಲಿ ನಿಂಬೆ, ಕಿತ್ತಳೆಯಂಥ ಹಗುರ ಪರಿಮಳಗಳು ಮೈಮೇಲೆ ಹೆಚ್ಚು ಹೊತ್ತು ನಿಲ್ಲದೆ ಸೊರಗುತ್ತವೆ. ಆದರೆ ಶ್ರೀಗಂಧದ ಎಣ್ಣೆಯಲ್ಲಿರುವ ಸ್ಯಾಂಟಲಾಲ್ ಭಾರವಾದ ಅಣು. ನಿಧಾನವಾಗಿ ಆವಿಯಾಗುತ್ತ ಮೈಬಿಸಿಗೆ ಗಂಟೆಗಟ್ಟಲೆ ಅರಳುತ್ತದೆ. ‘ಸಂಸಾರ’ದಲ್ಲಿ ಮೊದಲು ಮಲ್ಲಿಗೆ ಎದ್ದು ಬರುತ್ತದೆ, ಆಮೇಲೆ ವೆನಿಲಾದ ಸಿಹಿ, ಕೊನೆಗೆ ಹಾಲುಗೆನೆಯಂತೆ ನುಣುಪಾದ ಗಂಧ. ಸಂಕೋಚವಿಲ್ಲದ, ಇದ್ದಲ್ಲಿ ಇದ್ದೇನೆಂದು ಹೇಳುವ ಪರಿಮಳವಿದು. ಮಣಿಕಟ್ಟಿಗೆ ಒಂದು, ಕತ್ತಿನ ಹಿಂಬದಿಗೆ ಒಂದು ಸಿಂಪಡಿಕೆ ಸಾಕು. ರೇಷ್ಮೆಗೆ ತಾಗಿಸಬಾರದು, ಕಲೆ ಉಳಿದೀತು.

ಆದರೆ ಈ ಪರಿಮಳ ಕೊಡುವ ಶ್ರೀಗಂಧದ ತಿರುಳು ಬಲಿಯಲು ದಶಕಗಳೇ ಬೇಕು. ಕಳ್ಳಸಾಗಣೆಯಿಂದ ಕಾಡಿನ ಮರಗಳು ವಿರಳವಾಗಿವೆ. ಕರ್ನಾಟಕದಲ್ಲಿ 2001ರ ನಂತರ ಖಾಸಗಿ ಜಮೀನಿನ ಗಂಧದ ಮರದ ಒಡೆತನ ರೈತರಿಗೇ ಸಿಕ್ಕಿದೆ. ಈ ಪರಿಮಳವನ್ನು ಮೆಚ್ಚುವವರು ಬೇಲಿಯ ಬದಿಯಲ್ಲೊಂದು ಗಂಧದ ಸಸಿ ನೆಟ್ಟು ಕಾಯಬೇಕು.